ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಟ್ಯಾಂಕಿನ ವೆಲ್ಡಿಂಗ್ ಸುತ್ತ ಎರಡೇ ತಿಂಗಳಲ್ಲಿ ತುಕ್ಕು: ಶುಚಿಗೊಳಿಸುವಾಗ ತಪ್ಪಿದ್ದೆಲ್ಲಿ?

ಪ್ರಶ್ನೆ (ದಾವಣಗೆರೆ, ಫ್ಯಾಬ್ರಿಕೇಷನ್ ವರ್ಕ್‌ಶಾಪ್)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೊದಲು ಗೇಟು, ಗ್ರಿಲ್, ಶೆಡ್ಡುಗಳ ಕೆಲಸವನ್ನಷ್ಟೇ ಮಾಡುತ್ತಿದ್ದೆವು. ಬೆಣ್ಣೆದೋಸೆ ಹೋಟೆಲಿನವರು ಅಡುಗೆಮನೆಯ ಟೇಬಲ್, ಸಿಂಕು, ಹಿಟ್ಟಿನ ಡಬ್ಬಗಳನ್ನು ಎಸ್‌ಎಸ್‌ನಲ್ಲಿಯೇ ಮಾಡಿಕೊಡಿ ಎಂದು ಕೇಳತೊಡಗಿದ್ದರಿಂದ ಮೂರು ವರ್ಷಗಳ ಹಿಂದೆ ಆರ್ಗಾನ್ ವೆಲ್ಡಿಂಗ್ ಮೆಷಿನ್ ತಂದೆ. ಟೇಬಲ್, ಸಿಂಕುಗಳ ಬಗ್ಗೆ ಈವರೆಗೆ ಯಾರೂ ದೂರಿಲ್ಲ.

ಈ ಬೇಸಿಗೆಯಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಕುಡಿಯುವ ನೀರಿನ 1000 ಲೀಟರ್ ಟ್ಯಾಂಕ್ ಮಾಡಿಕೊಟ್ಟೆ. ಶೀಟು 304 ಗ್ರೇಡಿನದು, 2 ಮಿ.ಮೀ. ದಪ್ಪ. ಎರಡು ತಿಂಗಳು ತುಂಬುವಷ್ಟರಲ್ಲಿ ಮಂಟಪದವರು ಕರೆ ಮಾಡಿ, ಟ್ಯಾಂಕಿಗೆ ತುಕ್ಕು ಹಿಡಿದಿದೆ, ನೀವು ಅಗ್ಗದ 202 ಗ್ರೇಡಿನ ಶೀಟು ಹಾಕಿ 304ರ ಹಣ ಪಡೆದಿದ್ದೀರಿ ಎಂದರು. ನಾನೇ ಹೋಗಿ ಟಾರ್ಚ್ ಹಿಡಿದು ನೋಡಿದೆ. ವೆಲ್ಡಿಂಗ್ ಗೆರೆಯ ಎರಡೂ ಬದಿಯಲ್ಲಿ, ಬೆಸುಗೆಯ ನೀಲಿ ಬಣ್ಣ ಉಳಿದಿದ್ದಲ್ಲೆಲ್ಲ, ಕಂದು ಬಣ್ಣದ ಪಟ್ಟಿ ಎದ್ದಿತ್ತು. ವೆಲ್ಡಿಂಗ್‌ನಿಂದ ಒಂದಡಿ ದೂರದ ನುಣುಪಾದ ಶೀಟಿನ ಮೇಲೆಯೂ ರಾಗಿ ಕಾಳು ಚೆಲ್ಲಿದಂತೆ ಕೆಂಪು ಚುಕ್ಕೆಗಳಿದ್ದವು. ತಳದ ಜಾಯಿಂಟಿನ ಒಳಬದಿಯಲ್ಲಿ ಉಗುರಿನಿಂದ ಕೆರೆದಾಗ ಪೆನ್ನಿನ ಮೊನೆಯಷ್ಟು ಅಗಲದ ಕಪ್ಪು ಕುಳಿಗಳು ಸಿಕ್ಕವು. ನನಗೆ ಹೆಚ್ಚು ಭಯವಾಗಿದ್ದು ಈ ಕುಳಿಗಳನ್ನು ನೋಡಿಯೇ.

ನಾವು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ವೆಲ್ಡಿಂಗ್ ಆದ ಮೇಲೆ ಹೊರಬದಿಗೆ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಚಕ್ರ) ಹಾಕಿ ಬಫಿಂಗ್ ಮಾಡಿದೆವು, ಅಂದರೆ ಉಜ್ಜಿ ನುಣುಪು ಮಾಡಿದೆವು. ಒಳಬದಿಗೆ ಗ್ರೈಂಡರ್ ಹೋಗದ ಕಡೆ ವೈರ್ ಬ್ರಷ್‌ನಿಂದ ಉಜ್ಜಿ, ಬಾತ್‌ರೂಮ್ ತೊಳೆಯುವ ಆಸಿಡ್ ಹಚ್ಚಿ, ಬೋರ್‌ವೆಲ್ ನೀರಿನಲ್ಲಿ ತೊಳೆದೆವು. ಆಸಿಡ್ ಹಚ್ಚಿದೊಡನೆ ಕಪ್ಪು ಹೋಗಿ ಬಿಳುಪು ಬಂದಿದ್ದರಿಂದ ಕೆಲಸ ಸರಿಯಾಗಿದೆ ಎಂದೇ ನಂಬಿದ್ದೆ. ಅಂಗಡಿಯಿಂದ ಶೀಟು ತರುವಾಗ ಆಯಸ್ಕಾಂತ ಇಟ್ಟು ನೋಡಿದ್ದೆ, ಅಂಟಿರಲಿಲ್ಲ.

ತಿಳಿದವರು ದಯವಿಟ್ಟು ಹೇಳಬೇಕು. ದೋಷ ಶೀಟಿನದೋ ನಮ್ಮ ಕೆಲಸದ್ದೋ? ಬಫಿಂಗ್ ಮಾಡಿದರೆ ಸಾಲದೆ? ವೆಲ್ಡಿಂಗ್ ಕಲೆ ತೆಗೆಯುವ ಆಮ್ಲದ ಪಿಕ್ಲಿಂಗ್ ಪೇಸ್ಟ್ ಎಂಬುದನ್ನು ಕೇಳಿದ್ದೇನೆ, ಆದರೆ ಅದು ಬಹಳ ಅಪಾಯಕಾರಿ ಎಂದೂ ಕೇಳಿದ್ದೇನೆ. ಈ ಟ್ಯಾಂಕನ್ನು ಉಳಿಸಿಕೊಳ್ಳಲು ದಾರಿ ಇದೆಯೇ?

ಉತ್ತರ 1 (ಡೈರಿ ಯಂತ್ರಗಳ ನಿರ್ವಹಣೆಯಲ್ಲಿದ್ದು ನಿವೃತ್ತನಾದವನು, ದಾವಣಗೆರೆ)

ನೀವು ಕಂಡದ್ದನ್ನು ಕಂಡ ಹಾಗೆಯೇ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಟ್ಯಾಂಕಿನಲ್ಲಿರುವುದು ಒಂದು ತುಕ್ಕಲ್ಲ, ಮೂರು ಬೇರೆ ಬೇರೆ ತುಕ್ಕುಗಳು, ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ.

ಮೊದಲು ಶೀಟಿನ ವಿಚಾರ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಸೇರಿಸಿರುತ್ತಾರೆ. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ಆಯಸ್ಕಾಂತದ ಪರೀಕ್ಷೆಯಿಂದ ನೀವು 304 ಎಂದು ಸಾಬೀತು ಮಾಡಲಾರಿರಿ, ಅವರೂ 202 ಎಂದು ಸಾಬೀತು ಮಾಡಲಾರರು. ಉಳಿದ ಶೀಟಿನ ತುಂಡೊಂದನ್ನು ಲೋಹ ಪರೀಕ್ಷಿಸುವ ಲ್ಯಾಬಿಗೆ ಕೊಟ್ಟು ವರದಿ ಪಡೆದುಕೊಳ್ಳಿ; ಮಂಟಪದವರ ಮುಂದೆ ಇಡಲು ಅದೊಂದೇ ಸರಿಯಾದ ಉತ್ತರ. ಆದರೆ ನೀವು ಹೇಳಿದ ರೀತಿಯಲ್ಲಿ ತೊಳೆದರೆ ಅಪ್ಪಟ 304 ಕೂಡ ತುಕ್ಕು ಹಿಡಿಯುತ್ತದೆ ಎಂಬುದನ್ನು ಖಂಡಿತವಾಗಿ ಹೇಳಬಲ್ಲೆ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರೊಳಗಿನ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಕಟ್ಟಿಕೊಳ್ಳುವ ಒಂದು ಪೊರೆಯಿಂದ. ಆ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್, ಅಂದರೆ ಕಣ್ಣಿಗೂ ಕಾಣದು, ಕೈಗೂ ಸಿಗದು. ಗೀರಿದರೆ ಅದು ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಹಾಗೆ ಕಟ್ಟಿಕೊಳ್ಳಲು ಮೇಲ್ಮೈಯಲ್ಲಿ ಸಾಕಷ್ಟು ಕ್ರೋಮಿಯಂ ಇರಬೇಕು, ಮೇಲ್ಮೈ ಶುಚಿಯಾಗಿರಬೇಕು. ವೆಲ್ಡಿಂಗ್ ಕಾವಿಗೆ ಈ ಪೊರೆಯ ಜಾಗದಲ್ಲಿ ದಪ್ಪನೆಯ, ಬಿರುಕಿನ ಆಕ್ಸೈಡ್ ಪದರ ಬೆಳೆಯುತ್ತದೆ. ಗೆರೆಯ ಪಕ್ಕದಲ್ಲಿ ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ, ಕೊನೆಗೆ ಬೂದು ಬಣ್ಣ ಕಾಣುವುದು ಆ ಪದರದ ದಪ್ಪ ಜಾಗದಿಂದ ಜಾಗಕ್ಕೆ ಬೇರೆಯಾಗಿರುವುದರಿಂದಲೇ. ಈ ಪದರ ಬೆಳೆಯಲು ಬೇಕಾದ ಕ್ರೋಮಿಯಂ ಕೆಳಗಿನ ಲೋಹದಿಂದಲೇ ಬಂದಿರುತ್ತದೆ, ಹಾಗಾಗಿ ಬಣ್ಣದ ಅಡಿಯಲ್ಲಿ ಕ್ರೋಮಿಯಂ ಬಡವಾದ ಇನ್ನೊಂದು ತೆಳು ಪದರ ಉಳಿಯುತ್ತದೆ. ಬಣ್ಣವನ್ನಷ್ಟೇ ತೆಗೆದು ಈ ಬಡ ಪದರವನ್ನು ಬಿಟ್ಟರೆ ನೋಡಲು ಬೆಳ್ಳಗಿದ್ದರೂ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ನಿಮ್ಮ ಮೊದಲನೆಯ ತುಕ್ಕು, ಅಂದರೆ ಗೆರೆಯ ಪಕ್ಕದ ಕಂದು ಪಟ್ಟಿ, ಇದು.

ಒಂದಡಿ ದೂರದ ಕೆಂಪು ಚುಕ್ಕೆಗಳು ಶೀಟಿನ ತುಕ್ಕೇ ಅಲ್ಲ. ಅವು ನಿಮ್ಮ ವರ್ಕ್‌ಶಾಪಿನ ಗೇಟುಗಳ ಕಬ್ಬಿಣ. ಎಂಎಸ್ (ಗೇಟು, ಗ್ರಿಲ್‌ಗಳ ಸಾಮಾನ್ಯ ಕಬ್ಬಿಣ) ಗ್ರೈಂಡಿಂಗ್ ಮಾಡುವಾಗ ಹಾರುವ ಕಿಡಿ ಕಾದ ಕಬ್ಬಿಣದ ಪುಡಿಯೇ ಆಗಿದ್ದು, ಅದು ಎಸ್‌ಎಸ್ ಶೀಟಿಗೆ ಬಡಿದು ಕಚ್ಚಿಕೊಳ್ಳುತ್ತದೆ. ಎಂಎಸ್‌ಗೆ ಬಳಸಿದ ಡಿಸ್ಕನ್ನು ಎಸ್‌ಎಸ್‌ಗೆ ಬಳಸಿದರೂ, ಸಾಮಾನ್ಯ ಕಬ್ಬಿಣದ ವೈರ್ ಬ್ರಷ್‌ನಿಂದ ಉಜ್ಜಿದರೂ ಆಗುವುದು ಇದೇ. ನೀರು ತಗುಲಿದ ಕೂಡಲೇ ಆ ಪುಡಿ ತುಕ್ಕಾಗುತ್ತದೆ. ನೀವು ಹೇಳಿದ ವೈರ್ ಬ್ರಷ್ ಯಾವುದೆಂದು ಒಮ್ಮೆ ನೋಡಿ.

ಮೂರನೆಯದು, ನಿಮಗೆ ಭಯ ಹುಟ್ಟಿಸಿದ ಕುಳಿಗಳು. ಅವಕ್ಕೆ ಬಾತ್‌ರೂಮ್ ಆಸಿಡ್ಡೇ ಕಾರಣವೆಂದು ನನ್ನ ನಂಬಿಕೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಅದರಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್‌ನ ಪೊರೆಯನ್ನು ಚುಕ್ಕೆ ಚುಕ್ಕೆಯಾಗಿ ಒಡೆದು ಒಳಕ್ಕೆ ಇಳಿಯುತ್ತದೆ. ಕಪ್ಪು ಹೋಗಿ ಬಿಳುಪು ಬಂದದ್ದು ನಿಜ, ಆದರೆ ಅದರ ಜೊತೆಗೆ ಜಾಯಿಂಟಿನ ಸಂದಿಯಲ್ಲಿ ಕ್ಲೋರೈಡ್ ಕೂತುಬಿಟ್ಟಿದೆ. ದಾವಣಗೆರೆಯ ವರ್ಕ್‌ಶಾಪುಗಳಲ್ಲಿ ಈ ಪದ್ಧತಿಯನ್ನು ನಾನು ಬಹಳ ಕಡೆ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗಿದೆ, ಏಕೆಂದರೆ ಒಳ್ಳೆಯ ಶೀಟಿಗೆ ಹಣ ಕೊಟ್ಟು, ಒಳ್ಳೆಯ ವೆಲ್ಡಿಂಗ್ ಮಾಡಿ, ಕೊನೆಯ ಹತ್ತು ನಿಮಿಷದಲ್ಲಿ ಇಡೀ ಕೆಲಸವನ್ನು ಹಾಳು ಮಾಡಿಕೊಳ್ಳುತ್ತೇವೆ.

ನೀರನ್ನೂ ಪರೀಕ್ಷೆ ಮಾಡಿಸಿ. ಸಾಮಾನ್ಯ ತಾಪಮಾನದಲ್ಲಿ 304ಕ್ಕೆ ಲೀಟರಿಗೆ ಸುಮಾರು 200 ಮಿಲಿಗ್ರಾಂವರೆಗಿನ ಕ್ಲೋರೈಡ್ ತಡೆದುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಕ್ಲೋರೈಡನ್ನು ಇನ್ನೂ ಚೆನ್ನಾಗಿ ತಡೆಯುವ 316 ಗ್ರೇಡ್ ಬಳಸಬೇಕು ಎಂಬುದು ಈ ಕ್ಷೇತ್ರದಲ್ಲಿ ಪಾಲಿಸುವ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಕ್ಲೋರೈಡ್ 250 ಮಿಲಿಗ್ರಾಂ ಇರಬಹುದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1000ದವರೆಗೂ ಒಪ್ಪಬಹುದು. ಅಂದರೆ ಮನುಷ್ಯರು ಕುಡಿಯಬಹುದಾದ ಬೋರ್‌ವೆಲ್ ನೀರು 304 ಟ್ಯಾಂಕಿಗೆ ಆಗದಿರಬಹುದು.

ಬಫಿಂಗ್ ಬಗ್ಗೆ ಕೇಳಿದಿರಿ. ಹೊಸ ಡಿಸ್ಕ್ ಹಾಕಿ, ಬಣ್ಣ ಮತ್ತು ಅದರಡಿಯ ಬಡ ಪದರ ಎರಡನ್ನೂ ಪೂರ್ತಿ ತೆಗೆದು, ಕೊನೆಗೆ ಸಣ್ಣ ಗ್ರಿಟ್‌ನಲ್ಲಿ (ನುಣ್ಣನೆಯ ಉಜ್ಜುಕಣದ ಡಿಸ್ಕಿನಲ್ಲಿ) ನುಣುಪು ಮಾಡಿದರೆ ಹೊರಬದಿಗೆ ನಡೆಯುತ್ತದೆ. ಒರಟು ಗ್ರಿಟ್‌ನಲ್ಲಿ ನಿಲ್ಲಿಸಿದರೆ ಗೀರುಗಳಲ್ಲಿ ಕೊಳೆ, ನೀರು ನಿಲ್ಲುತ್ತದೆ. ಒಳಗಿನ ಮೂಲೆಗಳಿಗೆ ರಾಸಾಯನಿಕ ಶುಚಿಯೇ ಬೇಕು. ಅದರ ವಿವರವನ್ನು ದಿನವೂ ಅದನ್ನೇ ಮಾಡುವವರು ಹೇಳಿದರೆ ಒಳ್ಳೆಯದು.

ಉತ್ತರ 2 (ಚಳ್ಳಕೆರೆ, ಎಣ್ಣೆ ಗಿರಣಿ ಮತ್ತು ಆಹಾರ ಯಂತ್ರಗಳ ಫ್ಯಾಬ್ರಿಕೇಷನ್)

ಹಿರಿಯರು ಹೇಳಿದ್ದೆಲ್ಲ ಸರಿ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಟ್ಯಾಂಕು, ಪೈಪು ಮಾಡಿಕೊಡುವ ನಾವು ಪಿಕ್ಲಿಂಗ್ ಪೇಸ್ಟ್ ಬಳಸುತ್ತೇವೆ. ಅದರಲ್ಲಿ ನೈಟ್ರಿಕ್ ಆಮ್ಲ ಮತ್ತು ಹೈಡ್ರೋಫ್ಲೋರಿಕ್ ಆಮ್ಲ ಇರುತ್ತವೆ, ಇಳಿಜಾರಿನಲ್ಲಿ ಹರಿದುಹೋಗದಂತೆ ಮಂದ ಮಾಡಿರುತ್ತಾರೆ. ಆಕ್ಸೈಡ್ ಪದರವನ್ನೂ ಅದರಡಿಯ ಬಡ ಲೋಹವನ್ನೂ ಕರಗಿಸಿ ತೆಗೆಯುವುದು ಈ ಎರಡು ಆಮ್ಲಗಳ ಜೋಡಿ. ನೈಟ್ರಿಕ್ ಒಂದರಿಂದಲೇ ನೀಲಿ ಬಣ್ಣ ಹೋಗುವುದಿಲ್ಲ.

ನಮ್ಮಲ್ಲಿ ಮಾಡುವ ಕ್ರಮ ಹೀಗಿದೆ. ವೆಲ್ಡಿಂಗ್ ಪೂರ್ತಿ ತಣ್ಣಗಾದ ಮೇಲೆ ಎಣ್ಣೆ, ಮಾರ್ಕರ್ ಗುರುತು, ಸ್ಟಿಕ್ಕರಿನ ಅಂಟು ಎಲ್ಲವನ್ನೂ ಸೋಪಿನ ನೀರಿನಲ್ಲಿ ತೆಗೆಯುತ್ತೇವೆ, ಏಕೆಂದರೆ ಜಿಡ್ಡು ಇದ್ದ ಕಡೆ ಪೇಸ್ಟ್ ಕಚ್ಚುವುದಿಲ್ಲ, ಅಲ್ಲಿ ಮಚ್ಚೆ ಉಳಿಯುತ್ತದೆ. ಬಳಿಕ ಆಮ್ಲಕ್ಕೆ ಕರಗದ ಪ್ಲಾಸ್ಟಿಕ್ ಬ್ರಷ್‌ನಿಂದ ಗೆರೆಯ ಮೇಲೆ ಮತ್ತು ಎರಡೂ ಪಕ್ಕದಲ್ಲಿ ಬಣ್ಣ ಹರಡಿರುವಷ್ಟು ಅಗಲಕ್ಕೆ ದಪ್ಪವಾಗಿ ಹಚ್ಚುತ್ತೇವೆ. ಎಷ್ಟು ಹೊತ್ತು ಬಿಡಬೇಕೆಂಬುದು ಗ್ರೇಡು, ಬಣ್ಣದ ಗಾಢತೆ, ಅಂದಿನ ಸೆಕೆ ಇವನ್ನು ಅವಲಂಬಿಸಿದೆ. 304ಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಡಬ್ಬದ ಮೇಲಿನ ಸೂಚನೆಯನ್ನು ಓದಿ, ಅದೇ ಶೀಟಿನ ತುಂಡಿನ ಮೇಲೆ ಮೊದಲು ಮಾಡಿ ನೋಡಿದ ಮೇಲಷ್ಟೇ ನಿಜವಾದ ಕೆಲಸಕ್ಕೆ ಕೈ ಹಾಕಿ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಳದಲ್ಲಿಟ್ಟ ಶೀಟನ್ನು ಕೈಯಿಂದ ಮುಟ್ಟಲು ಆಗುವುದಿಲ್ಲ. ಅಂಥ ಶೀಟಿನ ಮೇಲೆ ಪೇಸ್ಟ್ ಹಚ್ಚಿದರೆ ಆವಿ ಏಳುತ್ತದೆ, ಪೇಸ್ಟ್ ಒಣಗಿ ಗಟ್ಟಿಯಾಗಿ ಹಕ್ಕಳೆ ಕಟ್ಟುತ್ತದೆ, ಆಮೇಲೆ ಎಷ್ಟು ತೊಳೆದರೂ ಕಲೆ ಹೋಗದು. ಆದ್ದರಿಂದ ನಾವು ಬೆಳಗ್ಗೆ ಎಂಟು ಗಂಟೆಯೊಳಗೆ, ನೆರಳಿನಲ್ಲಿ, ಗಾಳಿ ಆಡುವ ಕಡೆ ಈ ಕೆಲಸ ಮುಗಿಸುತ್ತೇವೆ. ಪೇಸ್ಟ್ ಎಂದಿಗೂ ಒಣಗಬಾರದು.

ತೊಳೆಯುವುದು ಹಚ್ಚುವಷ್ಟೇ ಮುಖ್ಯ. ನೀರಿನ ಒತ್ತಡ ಇರಬೇಕು, ಸಂದಿಗಳಿಗೆ ನೀರು ನುಗ್ಗಬೇಕು. ತೊಳೆದ ನೀರಿಗೆ ಲಿಟ್ಮಸ್ ಕಾಗದ ಅದ್ದಿ, ಅದು ಕೆಂಪಾಗುವುದು ನಿಂತ ಮೇಲೂ ಇನ್ನೊಮ್ಮೆ ತೊಳೆಯುತ್ತೇವೆ. ಕೊನೆಯ ನೀರು ಬೋರ್‌ವೆಲ್ಲಿನದ್ದಾಗಿರದೆ ಆರ್‌ಓ ನೀರಾಗಿದ್ದರೆ ಒಣಗಿದಾಗ ಉಪ್ಪಿನ ಕಲೆ ಕೂರುವುದಿಲ್ಲ. ಸರಿಯಾಗಿ ಪಿಕ್ಲಿಂಗ್ ಆದ ಗೆರೆ ಹೊಳೆಯುವುದಿಲ್ಲ, ಒಂದೇ ಸಮನಾದ ಮಂಕು ಬಿಳಿ ಬಣ್ಣಕ್ಕೆ ಬರುತ್ತದೆ. ಅದನ್ನು ನೋಡಿ ಗಿರಾಕಿಗಳು ಹೊಳಪಿಲ್ಲ ಎನ್ನುತ್ತಾರೆ, ಅವರಿಗೆ ವಿವರಿಸುವುದು ನಮ್ಮ ಕೆಲಸ.

ಬರೀ ಟೇಬಲ್, ಸಿಂಕುಗಳಿಗಾದರೆ ಕರೆಂಟಿನಿಂದ ಶುಚಿ ಮಾಡುವ ವೆಲ್ಡ್ ಕ್ಲೀನಿಂಗ್ ಮೆಷಿನ್ ಒಳ್ಳೆಯದು. ಕಾರ್ಬನ್ ಫೈಬರಿನ ಬ್ರಷ್ಷನ್ನು ಫಾಸ್ಫಾರಿಕ್ ಆಮ್ಲ ಇರುವ ದ್ರವದಲ್ಲಿ ಅದ್ದಿ ಗೆರೆಯ ಮೇಲೆ ಎಳೆದರೆ ಬಣ್ಣ ಕಣ್ಣೆದುರೇ ಹೋಗುತ್ತದೆ. ಹೈಡ್ರೋಫ್ಲೋರಿಕ್ ಆಮ್ಲದ ಭಯವಿರುವುದಿಲ್ಲ, ಆದರೂ ಕೈಗವಸು, ಕನ್ನಡಕ ಬೇಕೇ ಬೇಕು. ಹೋಟೆಲ್ ಕೆಲಸವೇ ಹೆಚ್ಚಿರುವ ನಿಮಗೆ ಮುಂದಕ್ಕೆ ಇದೇ ಸರಿ ಎಂದು ನನ್ನ ಸಲಹೆ.

ಇನ್ನು ನಿಮ್ಮ ತಳದ ಜಾಯಿಂಟು. ಹೊರಗಿನಿಂದ ವೆಲ್ಡಿಂಗ್ ಮಾಡುವಾಗ ಗಾಳಿ ತಾಗದಂತೆ ಒಳಬದಿಗೆ ಆರ್ಗಾನ್ ಅನಿಲ ಬಿಟ್ಟಿದ್ದಿರೇ? ಬಿಡದಿದ್ದರೆ ಒಳಬದಿ ಗಾಳಿಗೆ ಸುಟ್ಟು ಸಕ್ಕರೆ ಹರಳಿನಂತೆ ಕಪ್ಪಾಗಿ ಒರಟಾಗಿರುತ್ತದೆ. ಅದನ್ನು ಯಾವ ಪೇಸ್ಟೂ ಸರಿಮಾಡದು, ಕೆರೆದು ತೆಗೆದು ಮತ್ತೆ ವೆಲ್ಡಿಂಗ್ ಮಾಡಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಒಳಬದಿಗೆ ಆರ್ಗಾನ್ ಬಿಟ್ಟಿರಲಿಲ್ಲ. ವೈರ್ ಬ್ರಷ್ ಕೂಡ ಗೇಟಿಗೆ ಬಳಸುವ ಕಬ್ಬಿಣದ್ದೇ ಎಂದು ಈಗ ನೋಡಿ ಖಚಿತಪಡಿಸಿಕೊಂಡೆ. ನನ್ನ ಜೊತೆ ಕೆಲಸ ಮಾಡುವ ಇಬ್ಬರೂ ಹುಡುಗರು ಇಪ್ಪತ್ತು ದಾಟಿಲ್ಲ, ಅವರ ಕೈಗೆ ಈ ಪೇಸ್ಟ್ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಸಿಟ್ರಿಕ್ ಆಮ್ಲದಿಂದ ಈ ಕೆಲಸ ಆಗುವುದಿಲ್ಲವೇ? ತೊಳೆದ ನೀರನ್ನು ಎಲ್ಲಿ ಬಿಡಬೇಕು?

ಉತ್ತರ 3 (ರಸಾಯನಶಾಸ್ತ್ರ ಅಧ್ಯಾಪಕಿ, ಚಿತ್ರದುರ್ಗ)

ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಹಲವು ವರ್ಷಗಳ ಹಿಂದೆ ನಮ್ಮ ಸಂಬಂಧಿಕರ ಹುಡುಗನೊಬ್ಬ ಒಂದು ವರ್ಕ್‌ಶಾಪಿನಲ್ಲಿ ತೂತು ಬಿದ್ದ ಕೈಗವಸು ಹಾಕಿಕೊಂಡು ಈ ಪೇಸ್ಟ್ ಹಚ್ಚಿದ್ದ. ಹಗಲೆಲ್ಲ ಏನೂ ತಿಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತೋರುಬೆರಳಿನ ತುದಿ ಸಿಡಿಯತೊಡಗಿ, ಹತ್ತು ಗಂಟೆಯ ಹೊತ್ತಿಗೆ ಉಗುರಿನ ಅಡಿ ಬೆಳ್ಳಗಾಗಿ, ನೋವು ತಡೆಯಲಾರದೆ ಗೋಡೆಗೆ ಕೈ ಒತ್ತಿಕೊಂಡು ನಿಂತಿದ್ದ. ಹೈಡ್ರೋಫ್ಲೋರಿಕ್ ಆಮ್ಲದ ಗುಣವೇ ಅದು. ಬೇರೆ ಆಮ್ಲಗಳಂತೆ ತಗುಲಿದ ಕೂಡಲೇ ಉರಿಯದೆ ಚರ್ಮದೊಳಕ್ಕೆ ಇಳಿಯುತ್ತದೆ, ಅದರ ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಹೆಚ್ಚು ಜಾಗಕ್ಕೆ ತಗುಲಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು.

ಆದ್ದರಿಂದ ಪೇಸ್ಟಿನ ಡಬ್ಬವನ್ನು ಕೊಳ್ಳುವ ಮೊದಲು 2.5 ಶೇಕಡಾ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಅನ್ನು ತಂದಿಡಿ. ಅದು ಸಿಗದಿದ್ದರೆ ಪೇಸ್ಟನ್ನೂ ತರಬೇಡಿ. ಚರ್ಮಕ್ಕೆ ತಗುಲಿದರೆ ಬಟ್ಟೆ ಕಳಚಿ ಧಾರಾಳವಾಗಿ ಹರಿಯುವ ನೀರಿನಲ್ಲಿ ತೊಳೆದು, ಕೈಗವಸು ತೊಟ್ಟು ಜೆಲ್ ಉಜ್ಜುತ್ತಲೇ, ನೋವಿರಲಿ ಇಲ್ಲದಿರಲಿ, ಆಸ್ಪತ್ರೆಗೆ ಹೋಗಬೇಕು, ಹೈಡ್ರೋಫ್ಲೋರಿಕ್ ಆಮ್ಲ ಎಂದು ವೈದ್ಯರಿಗೆ ಹೆಸರು ಹೇಳಿ ತಿಳಿಸಬೇಕು, ಡಬ್ಬದ ಲೇಬಲ್ ತೋರಿಸಬೇಕು. ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ದಪ್ಪನೆಯ ನಿಯೋಪ್ರೀನ್ ಅಥವಾ ಪಿವಿಸಿ ಕೈಗವಸು, ಇಡೀ ಮುಖ ಮುಚ್ಚುವ ಶೀಲ್ಡ್, ಏಪ್ರನ್, ಗಮ್‌ಬೂಟು ಬೇಕು. ಆಸ್ಪತ್ರೆಯ ತೆಳು ಗವಸು ಪ್ರಯೋಜನಕ್ಕೆ ಬಾರದು. ಟ್ಯಾಂಕಿನ ಒಳಗೆ ತಲೆ ಹಾಕಿ ಹಚ್ಚುವುದನ್ನು ಮಾಡಲೇಬೇಡಿ, ಅಲ್ಲಿ ಆಮ್ಲದ ಆವಿ ಮತ್ತು ನೈಟ್ರಿಕ್‌ನಿಂದೇಳುವ ಕಂದು ಹೊಗೆ ತುಂಬಿಕೊಳ್ಳುತ್ತದೆ. ಈ ಆಮ್ಲ ಗಾಜನ್ನೂ ಕರಗಿಸುವುದರಿಂದ ಬಾಟಲಿಗೆ ಸುರಿದಿಡಬಾರದು, ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗಂತೂ ಯಾವ ಕಾರಣಕ್ಕೂ ಬೇಡ.

ಸಿಟ್ರಿಕ್ ಆಮ್ಲ ಮಾಡುವ ಕೆಲಸ ಬೇರೆ. 4ರಿಂದ 10 ಶೇಕಡಾ ದ್ರಾವಣದಲ್ಲಿ, ನಮ್ಮ ಊರಿನ ಸಾಮಾನ್ಯ ತಾಪಮಾನದಲ್ಲಿ, ಕನಿಷ್ಠ 20 ನಿಮಿಷ ಇಟ್ಟರೆ ಅದು ಮೇಲ್ಮೈಗೆ ಅಂಟಿದ ಕಬ್ಬಿಣದ ಪುಡಿಯನ್ನು ಕರಗಿಸಿ, ಪೊರೆ ಚೆನ್ನಾಗಿ ಕಟ್ಟಿಕೊಳ್ಳಲು ಅನುವು ಮಾಡುತ್ತದೆ. ಇದನ್ನೇ ಪ್ಯಾಸಿವೇಷನ್ ಎನ್ನುವುದು. ನಿಮ್ಮ ಎರಡನೆಯ ತುಕ್ಕಿಗೆ, ಅಂದರೆ ರಾಗಿ ಕಾಳಿನಂಥ ಚುಕ್ಕೆಗಳಿಗೆ, ಇದು ಸಾಕಾಗಬಹುದು. ಬೆಸುಗೆಯ ನೀಲಿ ಬಣ್ಣವನ್ನೂ ಕ್ರೋಮಿಯಂ ಕಳೆದುಕೊಂಡ ಪದರವನ್ನೂ ಅದು ತೆಗೆಯಲಾರದು. ಗ್ರೈಂಡಿಂಗ್‌ನಿಂದಲೋ, ಕರೆಂಟಿನ ಮೆಷಿನ್‌ನಿಂದಲೋ ಅವನ್ನು ಪೂರ್ತಿ ತೆಗೆದು, ಕೊನೆಗೆ ಸಿಟ್ರಿಕ್‌ನಿಂದ ಪ್ಯಾಸಿವೇಷನ್ ಮಾಡಿದರೆ ಪೇಸ್ಟನ್ನು ಮುಟ್ಟದೆಯೇ ಕೆಲಸ ಮುಗಿಸಬಹುದು. ಇಪ್ಪತ್ತರ ಹುಡುಗರಿರುವ ವರ್ಕ್‌ಶಾಪಿಗೆ ನಾನು ಹೇಳುವುದು ಇದನ್ನೇ.

ಪೇಸ್ಟ್ ಬಳಸಿದ್ದೇ ಆದರೆ ತೊಳೆದ ನೀರನ್ನು ಚರಂಡಿಗೆ ಬಿಡಬಾರದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು, ಕಾವು ಏರದಂತೆ ಸ್ವಲ್ಪ ಸ್ವಲ್ಪವೇ ಸುಣ್ಣದ ತಿಳಿ ಸೇರಿಸಿ, ಪಿಎಚ್ 7ರಿಂದ 9ರ ನಡುವೆ ಬರುವವರೆಗೆ ಕಲಕಬೇಕು. ಫ್ಲೋರೈಡ್ ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಕೆಸರಾಗಿ ಕೆಳಗೆ ಕೂರುತ್ತದೆ. ಆ ಕೆಸರಿನಲ್ಲಿ ಕ್ರೋಮಿಯಂ, ನಿಕ್ಕಲ್ ಕೂಡ ಇರುವುದರಿಂದ ಅದನ್ನು ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಬೇಕು. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಈಗಾಗಲೇ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಕಂದಾದ ಮಕ್ಕಳನ್ನು ನಾನು ತರಗತಿಯಲ್ಲಿ ನೋಡುತ್ತೇನೆ. ನಾವೇ ಇನ್ನಷ್ಟು ಫ್ಲೋರೈಡನ್ನು ನೆಲಕ್ಕೆ ಇಳಿಸಬಾರದು.

ಕೆಲಸ ಸರಿಯಾಗಿದೆಯೇ ಎಂದು ನೋಡಲು ತಾಮ್ರದ ಸಲ್ಫೇಟ್ ಪರೀಕ್ಷೆಯನ್ನು ಕೆಲವರು ಹೇಳಬಹುದು, ಆದರೆ ಆಹಾರ, ಕುಡಿಯುವ ನೀರು ತಾಗುವ ಮೇಲ್ಮೈಗೆ ಅದನ್ನು ಬಳಸಬಾರದು. ಒಂದು ಗಂಟೆ ಶುದ್ಧ ನೀರಿನಲ್ಲಿ ಒದ್ದೆ, ಒಂದು ಗಂಟೆ ಒಣ, ಹೀಗೆ 24 ಗಂಟೆ ಮಾಡಿ ತುಕ್ಕಿನ ಕಲೆ ಏಳುತ್ತದೆಯೇ ನೋಡಿ.

ಪ್ರಶ್ನೆ ಕೇಳಿದವರು (ಐದು ವಾರಗಳ ನಂತರ)

ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಲ್ಯಾಬಿನ ವರದಿಯಲ್ಲಿ ಶೀಟು 304 ಎಂದೇ ಬಂತು. ಅದನ್ನು ತೋರಿಸಿ, ತಪ್ಪು ಶೀಟಿನದಲ್ಲ, ನಮ್ಮ ಕೆಲಸದ್ದು ಎಂದು ಮಂಟಪದವರಿಗೆ ಹೇಳಿ ಟ್ಯಾಂಕನ್ನು ವಾಪಸು ತಂದೆ. ಕುಳಿ ಬಿದ್ದಿದ್ದ ತಳವನ್ನು ಕತ್ತರಿಸಿ ತೆಗೆದು ಹೊಸ ತಳ ಹಾಕಿ, ಈ ಬಾರಿ ಒಳಬದಿಗೆ ಆರ್ಗಾನ್ ಬಿಟ್ಟೇ ವೆಲ್ಡಿಂಗ್ ಮಾಡಿದೆವು. ಒಳಗಿನ ಗೆರೆ ಒಣಹುಲ್ಲಿನ ಹಳದಿಗಿಂತ ಗಾಢವಾಗಲಿಲ್ಲ. ಕ್ಲೀನಿಂಗ್ ಮೆಷಿನ್ ಬಾಡಿಗೆಗೆ ತಂದು ಗೆರೆಗಳನ್ನೆಲ್ಲ ತೊಳೆದು, ಸಿಟ್ರಿಕ್‌ನಲ್ಲಿ ಅರ್ಧ ಗಂಟೆ ಒದ್ದೆಯಾಗಿಟ್ಟು, ಆರ್‌ಓ ನೀರಿನಲ್ಲಿ ಮುಗಿಸಿದೆವು. ಎಸ್‌ಎಸ್ ಕೆಲಸಕ್ಕೆ ವರ್ಕ್‌ಶಾಪಿನ ಹಿಂದಿನ ಕೋಣೆಯನ್ನೇ ಬಿಟ್ಟುಕೊಟ್ಟು, ಅದರ ಡಿಸ್ಕು, ಬ್ರಷ್‌ಗಳಿಗೆ ಹಸಿರು ಬಣ್ಣ ಬಳಿದಿದ್ದೇವೆ.

24 ಗಂಟೆಯ ಪರೀಕ್ಷೆಯಲ್ಲಿ ಎಲ್ಲ ಗೆರೆಗಳೂ ಶುಚಿಯಾಗಿಯೇ ಉಳಿದವು. ಕೆಳಗಿನ ನಲ್ಲಿಯ ಸಾಕೆಟ್ ಸುತ್ತ ಮಾತ್ರ, ಲೋಹದ ಪಟ್ಟಿಯೊಂದು ಶೀಟಿನ ಮೇಲೆ ಕೂತಿರುವ ಕಡೆ, ಎಳೆಯಷ್ಟು ಕಂದು ನೀರು ಜಿನುಗಿತು. ಅಲ್ಲಿಗೆ ಇನ್ನೊಮ್ಮೆ ಮೆಷಿನ್ ಹಾಕಲೇ?

ಉತ್ತರ 2 (ಚಳ್ಳಕೆರೆ)

ಹಾಕಬೇಡಿ. ಪಟ್ಟಿಯನ್ನು ಸುತ್ತಲೂ ಬೆಸೆಯದೆ ನಾಲ್ಕು ಕಡೆ ಟ್ಯಾಕ್ ಮಾಡಿ (ಚುಕ್ಕೆಯಂತೆ ಬೆಸೆದು) ಬಿಟ್ಟಿರುತ್ತೀರಿ, ಪಟ್ಟಿ ಮತ್ತು ಶೀಟಿನ ನಡುವಿನ ಸಂದಿಯಲ್ಲಿ ಹಳೆಯ ಆಸಿಡ್ ಇನ್ನೂ ಕೂತಿದೆ. ಮೇಲಿನಿಂದ ಏನು ಹಚ್ಚಿದರೂ ಅದು ಒಳಗೆ ಸೇರಿಕೊಳ್ಳುತ್ತದೆಯೇ ಹೊರತು ಹೊರಬರುವುದಿಲ್ಲ. ಪಟ್ಟಿಯನ್ನು ಬಿಚ್ಚಿ, ಅದರಡಿಯ ಶೀಟಿನಲ್ಲಿ ಕುಳಿ ಇದೆಯೇ ನೋಡಿ. ಕುಳಿ ಇಲ್ಲದಿದ್ದರೆ ತೊಳೆದು ನುಣುಪು ಮಾಡಿ ಹೊಸ ಪಟ್ಟಿ ಇಟ್ಟು ಸುತ್ತಲೂ ಸಂದಿಲ್ಲದಂತೆ ವೆಲ್ಡಿಂಗ್ ಮಾಡಿ, ಆಮೇಲೆ ಮೆಷಿನ್, ಸಿಟ್ರಿಕ್, 24 ಗಂಟೆಯ ಪರೀಕ್ಷೆ ಮತ್ತೊಮ್ಮೆ. ಕುಳಿ ಇದ್ದರೆ ಆ ಭಾಗವನ್ನು ಕತ್ತರಿಸಿ ತುಂಡು ಸೇರಿಸಿ.